ಮೂವತ್ತಾರಕ್ಕೆ ಪಾಸಾದ ಮಾವಶಿ

ಮಾವಶಿಯ ಎಡಗೈಯಲ್ಲಿ ಎರಡೂ ಕೈಗಳ ಬಳೆಗಳಿದ್ದವು. ಮಣಿಕಟ್ಟಿನಿಂದ ಮೊಣಕೈಯ ಸಮೀಪದವರೆಗೂ ಹಸಿರು ಗಾಜು. ಬಲಗೈ ಬರಿದಾಗಿತ್ತು. ಅದು ಬಾತುಕೊಂಡು, ಬೆರಳುಗಳ ಗೆಣ್ಣು ಕಾಣದಂತಾಗಿ, ಚರ್ಮ ಎಳೆದು ಕಟ್ಟಿದ ಹಾಗೆ ಮಿರುಗುತ್ತಿತ್ತು. ಬಳೆಗಳು ಮಾಂಸಕ್ಕೆ ಕಚ್ಚಿಕೊಂಡಾಗ ಬಳೆಗಾರನನ್ನು ಕರೆಸಿ, ಸಾಬೂನು ಹಚ್ಚಿ, ಒಂದೊಂದನ್ನೇ ಇಳಿಸಿ ಎಡಗೈಗೆ ಏರಿಸಿಕೊಂಡಿದ್ದರಂತೆ. ನಾನು ಮೊದಲ ದಿನವೇ ಕೇಳಿಬಿಟ್ಟೆ: "ಒಂದ ಕೈಗೆ ಯಾಕ ಇಷ್ಟ ಬಳಿ, ಮಾವಶಿ?"

"ಬಲಗೈ ರಜಾ ಮ್ಯಾಲ ಹೋಗೈತಿ, ಯವ್ವಾ. ಅದರ ಸಾಮಾನ ಎಡಗೈ ಕಾಯ್ಕೋಂತ ಕುಂತೈತಿ" ಎಂದರು.

ಧಾರವಾಡದ ಲಕಮನಹಳ್ಳಿಯಲ್ಲಿ ಅವರದೊಂದು ಖಾನಾವಳಿ. ಮುಂದಿನ ಕೋಣೆಯಲ್ಲಿ ಉದ್ದದ ಎರಡು ಬೆಂಚು, ಹಿಂದೆ ಅಡುಗೆಮನೆ, ನಡುವೆ ಒಂದು ಪರದೆ. ಉಣ್ಣಲು ಬರುವವರೆಲ್ಲ ಅವರನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ನಾನು ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳನ್ನು ಅಳೆದು, ಸರಿ ಇದ್ದದ್ದನ್ನು ಒಳಗೆ, ಇಲ್ಲದ್ದನ್ನು ಹೊರಗೆ ಹಾಕುವ ಕೆಲಸಕ್ಕೆ ಸೇರಿದ್ದೆ. ಅದೇ ಓಣಿಯಲ್ಲಿ ಕೋಣೆ ಸಿಕ್ಕಿತು. ಶಾಲೆಯ ದಿನಗಳಿಂದ ನನಗೆ ದಿನಚರಿ ಬರೆಯುವ ರೂಢಿ. ದಿನಾಂಕ, ಖರ್ಚು, ಉಂಡದ್ದು, ನೋಡಿದ್ದು ಎಲ್ಲವನ್ನೂ ಬರೆದಿಡುತ್ತೇನೆ. ಊಟ ಮುಗಿಸಿ ಬೆಂಚಿನ ಮೇಲೆಯೇ ಬರೆಯಲು ಕೂತರೆ ಮಾವಶಿ ಇಣುಕುತ್ತಿದ್ದರು.

"ಏನ್ ಬರದಿ ಲೆಕ್ಕದ ಬಾಯಿ?"

"ರೊಟ್ಟಿ ಮೂರು, ಹೆಸರಕಾಳ ಪಲ್ಯಾ, ಮಜ್ಜಿಗಿ."

"ಮೂರ? ನಾಕ ಬರಿ. ಇನ್ನೊಂದ ಹಾಕಾಕತ್ತೇನಿ."

ತಟ್ಟೆಗೆ ನಾಲ್ಕನೆಯದು ಬಿದ್ದೇ ಬಿಡುತ್ತಿತ್ತು.

ನಾನು ಕಂಡವರಲ್ಲಿ ಅವರಷ್ಟು ಪ್ರಶ್ನೆ ಕೇಳುವವರು ಇನ್ನೊಬ್ಬರಿಲ್ಲ. ಗ್ಯಾಸಿನ ಹುಡುಗನಿಗೆ ಸಿಲಿಂಡರಿನ ತಳದಲ್ಲಿ ಉಳಿದ ಗ್ಯಾಸು ಎಲ್ಲಿ ಹೋಗುತ್ತದೆ ಎಂದು ಕೇಳುವರು. ಸ್ಕ್ಯಾನಿಂಗ್ ಕೋಣೆಯಲ್ಲಿ ಯಂತ್ರದೊಳಗೆ ಮಲಗಿದ್ದಾಗಲೇ, ಇದು ಎಲುಬು ಯಾವುದು ಗಂಟು ಯಾವುದು ಎಂದು ಹೇಗೆ ಗುರುತಿಸುತ್ತದೆ ಎಂದು ಕೇಳಿ, ಅಲುಗಾಡಬೇಡಿ ಎಂದು ಬೈಸಿಕೊಂಡಿದ್ದರು. ಅವರಿಗೆ ಎದೆಯ ಕ್ಯಾನ್ಸರ್. ವರ್ಷಗಳ ಹಿಂದೆ ಶಸ್ತ್ರಕ್ರಿಯೆ ಆಗಿ ಹೋಗಿದೆ ಎಂದುಕೊಂಡಿದ್ದು ಮರಳಿ ಬಂದು ಬಗಲಲ್ಲಿ ಗಂಟಾಗಿ ಕೂತಿತ್ತು, ಎಲುಬಿಗೂ ಇಳಿದಿತ್ತು. ಇದು ಪೂರ್ತಿ ಹೋಗುವಂಥದ್ದಲ್ಲ, ಹಿಡಿದಿಡಬಹುದು ಅಷ್ಟೇ ಎಂದು ಹುಬ್ಬಳ್ಳಿಯ ಡಾಕ್ಟರು ತಿಳಿಸಿ ಹೇಳಿದ್ದರು. ಔಷಧ ರೇಷನ್ ಕಾರ್ಡಿನ ಮೇಲೆ ಪುಕ್ಕಟೆಯಾಗಿ ನಡೆಯುತ್ತಿತ್ತು.

ಒಮ್ಮೆ ಅವರು ಕಾಗದದ ಎರಡು ಪೊಟ್ಟಣ ತಂದು ನನ್ನ ಕೈಯಲ್ಲಿಟ್ಟರು. ಒಂದರಲ್ಲಿ ಹಳೆಯ ಬಾಚಣಿಕೆಯಲ್ಲಿ ಸಿಕ್ಕ ಕೂದಲು, ಇನ್ನೊಂದರಲ್ಲಿ ಕೀಮೋ ಮುಗಿದ ಮೇಲೆ ಹೊಸದಾಗಿ ಹುಟ್ಟಿದ್ದು.

"ನಿನ್ನ ಮಷಿನ್ಯಾಗ ಅಳದು ಬಾ. ಯಾವುದು ತೆಳ್ಳಗೈತಿ ನೋಡೂಣು."

ಊಟದ ಬಿಡುವಿನಲ್ಲಿ ಮೈಕ್ರೋಮೀಟರಿಗೆ ಹಿಡಿದು ನೋಡಿದೆ. ಹೊಸದು ತೆಳ್ಳಗಿತ್ತು. ಸಂಜೆ ಹೇಳಿದಾಗ ಅವರಿಗೆ ಆದ ಖುಷಿ ಅಷ್ಟಿಷ್ಟಲ್ಲ. "ಹಂಗಾರ ನಾನೂ ಹೊಸಾ ಮಾಡೆಲ್ ಆದೆ!" ಎಂದು ಬೆಂಚಿನವರಿಗೆಲ್ಲ ತಲೆ ಬಗ್ಗಿಸಿ ತೋರಿಸಿದರು.

ಅಳತೆಯ ಕೆಲಸದವರಿಗೆ ಒಂದು ಚಟವಿರುತ್ತದೆ. ತಟ್ಟೆಯಲ್ಲಿದ್ದದ್ದನ್ನೂ ಕಣ್ಣಲ್ಲೇ ಅಳೆಯುತ್ತೇವೆ. ಮೇ ತಿಂಗಳ ಹೊತ್ತಿಗೆ ರೊಟ್ಟಿಯ ಅಂಚು ಬದಲಾದದ್ದು ನನಗೆ ಗೊತ್ತಾಯಿತು. ಮೊದಲು ನಡುವೆಯೂ ಅಂಚಿನಲ್ಲೂ ಒಂದೇ ತೆಳುವು ಇರುತ್ತಿತ್ತು. ಈಗ ಅಂಚು ಒಂದಿಷ್ಟು ದಪ್ಪ. ರುಚಿ ಕೆಟ್ಟಿರಲಿಲ್ಲ, ಬೇರೆ ಆಗಿತ್ತು. ಪರದೆಯ ಹಿಂದೆ ಬಡಿಯುವ ಸದ್ದು ನಿಂತ ಕೂಡಲೇ ಮಾವಶಿ ಹಿಟ್ಟು ಮೆತ್ತಿದ ಎಡಗೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೊರಗೆ ಬರುತ್ತಿದ್ದರು. ಒಂದು ಬೆಳಿಗ್ಗೆ ಡಬ್ಬಿ ತುಂಬಿಸಿಕೊಳ್ಳಲು ಬೇಗ ಹೋದವಳು ಕುತೂಹಲ ತಡೆಯದೆ ಪರದೆ ಸರಿಸಿದೆ. ಕಲ್ಲಿನ ಮುಂದೆ ಕೂತು ಬಡಿಯುತ್ತಿದ್ದವಳು ಮಾವಶಿಯ ತಂಗಿ. ಗಬ್ಬೂರಿನಿಂದ ಬೆಳಗಿನ ಮೊದಲ ಬಸ್ಸಿಗೆ ಬಂದು, ಎರಡೂ ಹೊತ್ತಿನ ರೊಟ್ಟಿ ಮುಗಿಸಿ, ಹಿತ್ತಲ ಬಾಗಿಲಿನಿಂದ ಹೋಗುತ್ತಿದ್ದಳಂತೆ. ಮಾವಶಿ ಪಕ್ಕದಲ್ಲಿ ಕೂತು ಹಿಟ್ಟಿನ ಡಬ್ಬಿಯಲ್ಲಿ ಎಡಗೈ ಅದ್ದುತ್ತಿದ್ದರು.

ನನ್ನನ್ನು ಕಂಡು ಅವರು ಗಾಬರಿಯಾಗಲಿಲ್ಲ. "ಹಿಡದಿ ನೋಡು, ಲೆಕ್ಕದ ಬಾಯಿ" ಎಂದು ನಕ್ಕು, ಆಮೇಲೆ ದನಿ ತಗ್ಗಿಸಿದರು. "ಯಾರ ಮುಂದೂ ಹೇಳಬ್ಯಾಡ. ಮಾವಶಿ ಕೈಲಾಗದಾಕಿ ಅಂತ ಗೊತ್ತಾದ್ರ ಮಂದಿ ಕನಿಕರಕ್ಕ ಉಣ್ಣಾಕ ಬರ್ತಾರ. ಕನಿಕರದ ಗಿರಾಕಿ ಎರಡ ದಿನ ಬಂದಾನು. ಮೂರನೇ ದಿನಾ ಬ್ಯಾರೆ ಖಾನಾವಳಿ ಹುಡಕ್ಯಾನು."

ತಂಗಿ ತಲೆ ಎತ್ತದೆ ಹೇಳಿದಳು: "ದಸರಾತನಾ ಅಷ್ಟ ಅಕ್ಕಾ. ಅಂಗಡಿಯವ್ರು ಹಬ್ಬದ ಹಂಗಾಮಿಗೆ ವಾಪಸ್ ಕರದಾರ. ನಾ ಹೋಗದಿದ್ರ ಬ್ಯಾರೇದವರನ್ನ ಇಟ್ಕೋತಾರ. ಹುಡುಗೂರ ಫೀ ಅದಾವು."

ಅವಳು ಹುಬ್ಬಳ್ಳಿಯ ಬಟ್ಟೆ ಅಂಗಡಿಯೊಂದರ ಕೆಲಸ ಬಿಟ್ಟು ಬಂದಿದ್ದಳು. ಅವಳಿಗೆ ಅಂಗಡಿಯ ಪಗಾರದಷ್ಟು ಕೊಡಲು ಖಾನಾವಳಿಯಲ್ಲಿ ಉಳಿಯುತ್ತಿರಲಿಲ್ಲ. ಅವಳು ಹೋದರೆ ರೊಟ್ಟಿ ಇಲ್ಲ. ರೊಟ್ಟಿ ಇಲ್ಲದ ಖಾನಾವಳಿ ಧಾರವಾಡದಲ್ಲಿ ನಡೆಯುವುದಿಲ್ಲ. ಖಾನಾವಳಿ ಹೋದರೆ ಮಾವಶಿಗೆ ಬಾಡಿಗೆಗೂ ಗತಿ ಇರಲಿಲ್ಲ.

ದಾರಿ ಹೇಳಿದ್ದು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ರೋಗಿಗಳಿಗೆ ನೆರವಿನ ವಿಷಯ ತಿಳಿಸಿಕೊಡುವ ಒಬ್ಬ ಮೇಡಂ. ಜುಲೈನಲ್ಲಿ ಒಂದು ದಿನ ನಾನೂ ಜೊತೆಗೆ ಹೋಗಿದ್ದೆ. ಅವರು ಮಾವಶಿಯ ಕಾಗದಗಳನ್ನು ತಿರುವಿ ಕೇಳಿದರು: "ಯಜಮಾನ್ರು ಇದ್ದಾರೇನ್ರಿ?"

"ಇದ್ದಾರ್ರೀ. ಸಾಂಗ್ಲ್ಯಾಗ. ಬ್ಯಾರೆ ಸಂಸಾರದಾಗ."

"ಹಂಗಾದ್ರ ವಿಧವಾ ವೇತನ ಬರೂದಿಲ್ರಿ."

"ನೋಡ್ರಿ, ಇದ್ದೂ ಉಪಯೋಗಿಲ್ಲ ಅಂವ, ಸತ್ತಾದ್ರೂ ಉಪಯೋಗಕ್ಕ ಬರವಲ್ಲ!"

ಮೇಡಂ ನಗು ತಡೆದುಕೊಂಡು ಅಂಗವಿಕಲ ವೇತನದ ವಿಷಯ ಹೇಳಿದರು. ಸರಕಾರದ ವೈದ್ಯರು ತಪಾಸಣೆ ಮಾಡಿ ಅಂಗವೈಕಲ್ಯದ ಶೇಕಡಾವಾರು ಬರೆದುಕೊಡುತ್ತಾರೆ. ನಲವತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ತಿಂಗಳ ವೇತನಕ್ಕೆ ಅರ್ಜಿ ಹಾಕಬಹುದು. ಅದೇ ಪ್ರಮಾಣಪತ್ರ ತೋರಿಸಿದರೆ ಊರಿನ ಒಂದು ಟ್ರಸ್ಟು ಕ್ಯಾನ್ಸರ್ ಇದ್ದವರಿಗೆ ತಿಂಗಳಿಗಿಷ್ಟು ಅಂತ ಕೊಡುತ್ತದೆ. ಎರಡೂ ದೊಡ್ಡ ಮೊತ್ತವಲ್ಲ. ಆದರೆ ಖಾನಾವಳಿಯಲ್ಲಿ ಉಳಿಯುವುದಕ್ಕೆ ಅವು ಸೇರಿದರೆ ತಂಗಿಯ ಪಗಾರ ಹುಟ್ಟುತ್ತಿತ್ತು. ನಾನು ಅಲ್ಲೇ ಕೂಡಿಸಿ ನೋಡಿದೆ.

"ಕ್ಯಾನ್ಸರಿಗೆ ಎಷ್ಟ ಪರ್ಸೆಂಟ್ ಕೊಡ್ತಾರ್ರಿ?" ಮಾವಶಿ ಮುಂದಕ್ಕೆ ಬಾಗಿ ಕೇಳಿದರು.

"ಕ್ಯಾನ್ಸರಿಗಂತ ಪರ್ಸೆಂಟ್ ಇಲ್ರಿ. ಬಗಲಾಗಿನ ಗಂಟು ನರಾ ಒತ್ತಿ ಕೈ ಬಲಾ ಹೋಗೈತಲ್ರಿ, ಅದಕ್ಕೈತಿ."

ಮಾವಶಿ ಬಹಳ ಹೊತ್ತು ಅದನ್ನೇ ಯೋಚಿಸಿದರು. ಬಸ್ಸಿನಲ್ಲಿ ನವಲೂರು ದಾಟಿದ ಮೇಲೆ ನನ್ನ ಕಡೆ ತಿರುಗಿ, "ಕೊಲ್ಲೂದಕ್ಕ ಮಾರ್ಕ್ಸ್ ಇಲ್ಲ, ಕೈ ಎತ್ತಾಕ ಬರದಿದ್ದಕ್ಕ ಮಾರ್ಕ್ಸ್. ಭಾಳ ಶಾಣ್ಯಾ ಅದಾರ ಬಿಡು ಇದನ್ನ ಮಾಡಿದವ್ರು. ಸಾಯೂದು ಎಲ್ಲಾರಿಗೂ ಐತಿ, ಅದಕ್ಕ ಕೊಡಾಕ ಹತ್ತಿದ್ರ ಖಜಾನಿ ಉಳೀತೈತೇನು?" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಹೊಸ ಯಂತ್ರದ ಒಳಗು ನೋಡಿದವರ ಬೆರಗಿತ್ತು.

ತಪಾಸಣೆಯ ದಿನ ನಾನು ಅರ್ಧ ದಿನದ ರಜೆ ಹಾಕಿ ಹೋದೆ. ಮಾವಶಿ ಇಳಕಲ್ ಸೀರೆ ಉಟ್ಟು, ಬಾತ ಕೈ ಕಾಣದ ಹಾಗೆ ಸೆರಗು ಹೊದ್ದು, ಹಣೆಗೆ ವಿಭೂತಿ ಹಚ್ಚಿ ನಿಂತಿದ್ದರು. ಕಂಕುಳಲ್ಲಿ ಒಂದು ಬಿಳಿ ಬಟ್ಟೆಯ ಗಂಟು.

"ಏನದು ಮಾವಶಿ?"

"ರೊಟ್ಟಿ, ಶೇಂಗಾ ಚಟ್ನಿ. ಬರಿಗೈಲೆ ಯಾರ ಕಡೆನೂ ಹೋಗಬಾರ್ದು."

"ಅದು ದವಾಖಾನಿ ಮಾವಶಿ."

"ದವಾಖಾನ್ಯಾಗ ಮಂದಿ ಇರಂಗಿಲ್ಲೇನು?"

ಒಳಗೆ ನಡುವಯಸ್ಸಿನ ಡಾಕ್ಟರು. "ಹೆಂಗದೀರಿ ಅವ್ವಾರ?" ಎಂದು ಕೇಳಿದರು.

"ಆರಾಮ ಅದೇನ್ರಿ. ನಿಮ್ಮ ಮನ್ಯಾಗ ಎಲ್ಲಾರೂ ಆರಾಮ?"

ನಮ್ಮ ಕಡೆ ಈ ಪ್ರಶ್ನೆಗೆ ಬೇರೆ ಉತ್ತರವೇ ಇಲ್ಲ. ಜ್ವರದಲ್ಲಿ ಮಲಗಿದವನೂ ಆರಾಮ ಎನ್ನುತ್ತಾನೆ. ಕೇಳಿದವರಿಗೆ ತ್ರಾಸು ಕೊಡಬಾರದು ಎಂದು ಮಾವಶಿಯೇ ಹೇಳುತ್ತಿದ್ದರು.

ಡಾಕ್ಟರು ಎರಡು ತೋಳಿನ ಪಟ್ಟಿಯೊಂದನ್ನು ಭುಜಕ್ಕೆ ಹಿಡಿದು ಕೋನ ಅಳೆದರು. ನಾನು ಕಾರ್ಖಾನೆಯಲ್ಲಿ ಬಳಸುವ ಕೋನಮಾಪಕದ ತಮ್ಮನಂತಿತ್ತು ಅದು; ನನಗೆ ಕಣ್ಣು ತೆಗೆಯಲಾಗಲಿಲ್ಲ. ಮಾವಶಿಗೂ ಅಷ್ಟೇ. "ಇದರಾಗ ಪೂರಾ ಅಂದ್ರ ಎಲ್ಲಿತನಾ ಬರಬೇಕ್ರಿ?" ಎಂದು ಕೇಳಿ ತಿಳಿದುಕೊಂಡರು. ತಿಳಿದ ಮೇಲೆ ಕೈ ಎತ್ತಿದರು, ಎತ್ತುತ್ತಲೇ ಹೋದರು. ಮೇಲ್ದುಟಿಯ ಮೇಲೆ ಬೆವರು ಮೂಡಿತು.

"ನೋವ ಆಗತೈತೇನ್ರಿ?"

"ಎಲ್ಲೀ ನೋವ್ರಿ!"

ನೋವಿನ ಗುಳಿಗೆಯನ್ನು ಮಧ್ಯಾಹ್ನದ್ದೂ ಸೇರಿಸಿ ಬೆಳಿಗ್ಗೆಯೇ ನುಂಗಿದ್ದರೆಂದು ನನಗೆ ಆಮೇಲೆ ತಿಳಿಯಿತು. ಮುಷ್ಟಿಯ ಬಲ ಅಳೆಯುವ ಹಿಡಿಕೆಯನ್ನು ಕೊಟ್ಟಾಗ ಹಲ್ಲು ಕಚ್ಚಿ ಅದುಮಿದರು. ಎರಡನೆಯ ಸಲ ಇನ್ನೂ ಹೆಚ್ಚು ಅದುಮಿದರು.

"ಮನಿ ಕೆಲಸಾ ಯಾರ ಮಾಡ್ತಾರ್ರಿ?"

"ನಾನ ರೀ. ಇನ್ಯಾರ ಅದಾರ?" ಎಂದು ಗಂಟು ಬಿಚ್ಚಿ ಮೇಜಿನ ಮೇಲಿಟ್ಟರು. "ಮುಂಜಾನೆ ನಾನ ಬಡದ ರೊಟ್ಟಿ. ತಗೋರಿ."

ಡಾಕ್ಟರು ಮುಜುಗರದಿಂದ ಬೇಡವೆಂದರು. ಆದರೂ ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. "ಈ ಕೈಲೆ ಬಡದ್ರೇನು?"

"ಹೌದ್ರಿ."

ಯಾರ ಮುಂದೂ ಹೇಳಬೇಡವೆಂದು ಅವರು ಅಂದದ್ದು ನೆನಪಾಗಿ ನಾನು ನಡುವೆ ಬಾಯಿ ಹಾಕಲಿಲ್ಲ. ಡಾಕ್ಟರು ಬರೆದುಕೊಂಡರು. ಅವರದೇನೂ ತಪ್ಪಿರಲಿಲ್ಲ. ಕಣ್ಣಿಗೆ ಕಂಡದ್ದನ್ನು, ಕೇಳಿಸಿಕೊಂಡದ್ದನ್ನು ಬರೆದರು. ಹೊರಗೆ ಬಂದ ಮೇಲೆ ಮಾವಶಿ ಗೋಡೆ ಹಿಡಿದು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತರು. ಆಮೇಲೆ, "ಛಲೋ ಮಾಡಿದ್ನಿಲ್ಲೋ?" ಎಂದು ಕೇಳಿದರು.

ಆಗಸ್ಟ್ ಕೊನೆಯ ವಾರ ಪ್ರಮಾಣಪತ್ರ ನನ್ನ ಮೊಬೈಲಿಗೆ ಬಂತು. ಖಾನಾವಳಿಯಲ್ಲಿ ರಾತ್ರಿಯ ಊಟ ಇನ್ನೂ ಶುರುವಾಗಿರಲಿಲ್ಲ. ಅಂದು ತಂಗಿಯೂ ಅಲ್ಲೇ ಉಳಿದಿದ್ದಳು.

"ಎಷ್ಟ ಬಂತು?"

"ಮೂವತ್ತಾರು, ಮಾವಶಿ."

"ಪಾಸ್!" ಮಾವಶಿ ಎಡಗೈಯಿಂದ ತೊಡೆ ತಟ್ಟಿದರು. "ಮೂವತ್ತೈದಕ್ಕ ಪಾಸು. ಮ್ಯಾಲ ಒಂದ ಬಂದೈತಿ. ಏಳನೇತ್ತಾ ಫೇಲಾದಾಕಿ ಈಗ ಪಾಸಾದೆ ನೋಡು!"

"ಇದರಾಗ ನಲವತ್ತ ಬೇಕು ಮಾವಶಿ. ಕಡಿಮಿ ಬಂತಂದ್ರ ಕೈ ಛಲೋ ಐತಿ ಅಂತ."

"ಅಂದ್ರ ಇದು ಉಲ್ಟಾ ಪರೀಕ್ಷಾ?"

"ಉಲ್ಟಾ."

"ಆ ಮೇಡಂ ಹೇಳಿದ್ರು, ಖರೇ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. "ಆದ್ರ ಮುಂದ ಕುಂತು ಒಬ್ರು ಅಳತೀ ಮಾಡಾಕತ್ರ, ಕಡಿಮಿ ಮಾಡಿ ಹೆಂಗ ತೋರಸೂದು? ಕೈನ ಕೇಳಂಗಿಲ್ಲ."

ಕಡಿಮೆ ಮಾಡಿ ತೋರಿಸುವುದಲ್ಲ, ಇದ್ದಷ್ಟೇ ತೋರಿಸುವುದು ಎಂದು ನಾನು ಹೇಳಿದೆ. ಗುಳಿಗೆ ಹೆಚ್ಚು ನುಂಗಿದ್ದು, ರೊಟ್ಟಿ ತಾವೇ ಬಡಿದದ್ದೆಂದು ಡಾಕ್ಟರಿಗೆ ಹೇಳಿದ್ದು, ಇವೆಲ್ಲ ಸೇರಿಯೇ ಮೂವತ್ತಾರು ಆಗಿದೆ ಎಂದೆ. ಮಾತು ಮುಗಿಯುವ ಮುಂಚೆಯೇ ಪರದೆ ಸರಿಯಿತು. ತಂಗಿ ಹಿಟ್ಟಿನ ಕೈಯಲ್ಲೇ ನಿಂತಿದ್ದಳು.

"ಡಾಕ್ಟರ ಮುಂದ ನನ್ನ ರೊಟ್ಟಿ ನಿಂದಂದ್ಯಾ?"

ಮಾವಶಿ ಸೆರಗೆಳೆದು ಬಾತ ಕೈ ಮುಚ್ಚಿಕೊಂಡರು.

"ಗಿರಾಕಿ ಮುಂದ ಅಂದಿ, ಇರಲಿ ಅಂತ ಬಿಟ್ಟೆ. ಹಿತ್ತಲ ಬಾಗಲಾ ಹಿಡದು ಕಳ್ಳರಂಗ ಬರ್ತೇನಿ, ಕಳ್ಳರಂಗ ಹೋಗತೇನಿ. ನಿನ್ನ ಮರ್ಯಾದಿ ಉಳೀಲಿ ಅಂತ. ಆದ್ರ ಸರಕಾರದ ಕಾಗದದಾಗೂ ನಾ ಇರಬಾರದೇನು? ಆ ಕಾಗದದ ಪ್ರಕಾರ ನಾ ಇಲ್ಲಿ ಬರೂದಿಲ್ಲ, ನಿನಗ ಯಾರೂ ಬೇಕಾಗಿಲ್ಲ. ಹಂಗಾದ್ರ ನಾಳಿಂದ ಬರೂದಿಲ್ಲ ಬಿಡು."

ಅವಳು ಕೈ ತೊಳೆದುಕೊಂಡು, ಮೊದಲ ಸಲ ಮುಂದಿನ ಬಾಗಿಲಿನಿಂದ ಹೋದಳು.

ಮರುದಿನ ರೊಟ್ಟಿ ಇರಲಿಲ್ಲ. ಮಾವಶಿ ಅನ್ನ, ಸಾರು ಮಾಡಿ ಬಡಿಸಿದರು. ಯಾರೋ ಕೇಳಿದ್ದಕ್ಕೆ ಜೋಳದ ಹಿಟ್ಟು ಸರಿ ಬಂದಿಲ್ಲ ಎಂದರು. ಎರಡನೆಯ ದಿನವೂ ಹಾಗೇ ಆಯಿತು. ಆ ಸಂಜೆ ಎಲ್ಲರೂ ಎದ್ದ ಮೇಲೆ ನನ್ನ ಎದುರು ಕೂತು ಕೇಳಿದರು: "ನಿನ್ನ ಫ್ಯಾಕ್ಟರ್ಯಾಗ ಸಾಮಾನ ಅಳೀತಿಯಲ್ಲಾ, ಅವು ಸುಳ್ಳ ಹೇಳ್ತಾವೇನು?"

"ಸಾಮಾನಕ್ಕ ಬಾಯಿ ಎಲ್ಲೈತಿ ಮಾವಶಿ?"

"ಪುಣ್ಯಾ ಮಾಡ್ಯಾವ" ಎಂದರು. ನನ್ನ ತಟ್ಟೆಯನ್ನು ಎಡಗೈಯಿಂದ ಬದಿಗೆ ಸರಿಸಿ, "ಮತ್ತೊಮ್ಮೆ ಅಳೀರಿ ಅಂತ ಕೇಳಾಕ ಬರ್ತೈತೇನು?" ಎಂದು ಕೇಳಿದರು. ಬರುತ್ತದೆ ಎಂದೆ. "ಹಂಗಾರ ಫೋನ್ ಹಚ್ಚು. ಮೇಡಂಗಲ್ಲ. ಮದಲ ಗಬ್ಬೂರಿಗೆ."

ಮರುತಪಾಸಣೆ ದಸರೆಗೆ ಇನ್ನೂ ಎರಡು ವಾರ ಇದ್ದಾಗ ಸಿಕ್ಕಿತು. ಈ ಸಲ ನಾವು ಮೂವರು ಹೋದೆವು. ಮಾವಶಿ ಉಟ್ಟಿದ್ದು ದಿನದ ಸೀರೆ. ರೊಟ್ಟಿಯ ಗಂಟು ಮಾತ್ರ ಬಿಟ್ಟಿರಲಿಲ್ಲ; ಅದನ್ನು ತಂಗಿ ಹಿಡಿದಿದ್ದಳು. ಅದೇ ಡಾಕ್ಟರು. "ಮತ್ತ ಬಂದ್ರೇನವ್ವಾರ?"

"ಬಂದೇನ್ರಿ. ಹಿಂದಕ ಬಂದಾಗ ಸುಳ್ಳ ಹೇಳಿದ್ದೆ. ಆ ರೊಟ್ಟಿ ನಾ ಬಡದದ್ದಲ್ಲ. ಈಕಿ ಬಡದದ್ದು, ನನ್ನ ತಂಗಿ. ಇವೂ ಈಕಿವ. ನನ್ನ ಕೈಲೆ ಆಗಂಗಿಲ್ರಿ."

ಕೊನೆಯ ಮಾತು ಎಷ್ಟು ಮೆಲ್ಲಗಿತ್ತೆಂದರೆ ಡಾಕ್ಟರು ಕಾಗದ ಬದಿಗಿಟ್ಟು ಕುರ್ಚಿ ಹತ್ತಿರ ಎಳೆದುಕೊಂಡರು. ಒಂದೊಂದೇ ಪ್ರಶ್ನೆ ಕೇಳಿದರು. ಕೂದಲು ಬಾಚಿಕೊಳ್ಳಲು ಬರುತ್ತದೆಯೇ? ಇಲ್ಲ. ಕುಪ್ಪಸದ ಗುಂಡಿ? ತಂಗಿ ಹಾಕುತ್ತಾಳೆ, ಅವಳಿಲ್ಲದ ದಿನ ಮೇಲೆ ಪಿನ್ನು. ತುಂಬಿದ ತಂಬಿಗೆ ಎತ್ತಲು? ಇಲ್ಲ. ಬಲಮಗ್ಗುಲಿಗೆ ಮಲಗಲು? ಒಂದು ವರ್ಷವಾಯಿತು.

"ಊಟಾ ಯಾವ ಕೈಲೆ ಮಾಡ್ತೀರಿ?"

ಮಾವಶಿ ತಂಗಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು. "ಎಡಗೈಲೆ ರೀ" ಎಂದರು. "ಬಾಗಲಾ ಹಾಕ್ಕೊಂಡು."

ಎಲ್ಲರಿಗೂ ನಾಲ್ಕನೆಯ ರೊಟ್ಟಿ ಹಾಕುತ್ತಿದ್ದವರು ಒಂದು ದಿನವೂ ನಮ್ಮ ಜೊತೆ ಬೆಂಚಿನ ಮೇಲೆ ಕೂತು ಉಂಡಿರಲಿಲ್ಲ. ಯಾಕೆಂದು ಕೇಳಬೇಕೆಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಅಷ್ಟೆಲ್ಲ ನೋಡಿ ಬರೆಯುವ ನಾನು ಅದನ್ನು ನೋಡಿಯೇ ಇರಲಿಲ್ಲ.

ಡಾಕ್ಟರು ಮತ್ತೆ ಪಟ್ಟಿ ಹಿಡಿದು, "ನೋವ ಎಲ್ಲಿ ಶುರು ಆಗತೈತಿ ಅಲ್ಲೇ ನಿಲ್ಲಸ್ರಿ" ಎಂದರು. ಮಾವಶಿಯ ಕೈ ಸೊಂಟದಿಂದ ಒಂದು ಗೇಣು ಎದ್ದಿತು. "ಇಲ್ಲೇ ರೀ." ಆಮೇಲೆ ತಡೆಯಲಾರದೆ, "ಈಗ ಇದು ಎಷ್ಟ ತೋರಸಾಕತ್ತೈತ್ರಿ?" ಎಂದು ಕುತ್ತಿಗೆ ಚಾಚಿ ನೋಡಿದರು. ಡಾಕ್ಟರು ಪಟ್ಟಿಯನ್ನು ತಿರುಗಿಸಿ ತೋರಿಸಿದರು.

ಎಲ್ಲ ಅಳೆದು ಕೂಡಿಸಿ, ಶೇಕಡಾ ಅರವತ್ತೆರಡು ಎಂದು ಅಲ್ಲೇ ಹೇಳಿದರು.

"ಫಸ್ಟ್ ಕ್ಲಾಸ್" ಎಂದರು ಮಾವಶಿ. ನಗಲು ಹೋಗಿ, ನಗು ಅರ್ಧಕ್ಕೆ ನಿಂತಿತು. ತಂಗಿ ಅವರ ಸೆರಗು ಸರಿಮಾಡಿದಳು.

ಆ ರಾತ್ರಿ ಬೆಂಚು ತುಂಬಿದ್ದಾಗ ಮಾವಶಿ ಪರದೆಯನ್ನು ಹಗ್ಗದ ಸಮೇತ ಬಿಚ್ಚಿ ತೆಗೆದರು. "ಎಲ್ಲಾರೂ ಕೇಳ್ರಿ. ಇವತ್ತಿನ ರೊಟ್ಟಿ ಈಕೀವು. ಐದು ತಿಂಗಳಿಂದ ಉಂಡದ್ದೂ ಈಕೀವ."

ಪಾಲಿಟೆಕ್ನಿಕ್ಕಿನ ಹುಡುಗನೊಬ್ಬ ತಟ್ಟೆಯಿಂದ ತಲೆ ಎತ್ತದೆ ಹೇಳಿದ: "ಗೊತ್ತೈತಿ ಬಿಡ್ರಿ ಮಾವಶಿ. ಅಂಚು ದಪ್ಪ ಬರಾಕ ಹತ್ತಿದಾಗನ ಗೊತ್ತಾತು."

"ಗೊತ್ತಿದ್ದೂ ಸುಮ್ಮನ ಉಂಡ್ಯಾ, ಭಾಡ್ಯಾ?"

"ಹೇಳಿದ್ರ ನಾಕನೇದು ಹಾಕ್ತಿದ್ರೇನು?"

ಬೆಂಚಿನವರೆಲ್ಲ ನಕ್ಕರು. ತಂಗಿ ಮಾತ್ರ, "ಅಂಚು ದಪ್ಪ ಅಂತ, ಅಂಚು! ನಾಳಿ ನಿನಗ ಅನ್ನಾನ" ಎಂದು ಒಳಗಿನಿಂದಲೇ ಗದರಿಸಿದಳು. ಅವಳು ದಸರೆಗೆ ಅಂಗಡಿಗೆ ಮರಳಲಿಲ್ಲ. ವೇತನ ಮಂಜೂರಾಗಿ ಬರಲು ತಡವಾಯಿತು. ಅಲ್ಲಿಯವರೆಗೆ ಟ್ರಸ್ಟಿನ ಹಣದಲ್ಲಿ ಹೇಗೋ ತೂಗಿಸಿದರು. ವೇತನ ಬಂದ ಮೊದಲ ತಿಂಗಳು ಮಾವಶಿ ಅದನ್ನು ತಂಗಿಯ ಕೈಯಲ್ಲಿಟ್ಟು, ಎಣಿಸಿಕೊ ಎಂದರು. ಅವಳು ಎಣಿಸದೆ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮಾವಶಿ ತೀರಿಕೊಂಡದ್ದು ಮುಂದಿನ ವರ್ಷ, ಯುಗಾದಿ ಕಳೆದ ಮೂರನೆಯ ವಾರ, ಮನೆಯಲ್ಲೇ. ಕೊನೆಯ ದಿನಗಳಲ್ಲಿ ಅವರು ನಮ್ಮೊಡನೆ ಬೆಂಚಿನ ಮೇಲೆಯೇ ಕೂತು ಎಡಗೈಯಿಂದ ಉಣ್ಣುತ್ತಿದ್ದರು. ಹೊಸಬರು ಯಾರಾದರೂ ದಿಟ್ಟಿಸಿದರೆ, "ಏನ್ ಕೇಳಬೇಕಂತೀ ಕೇಳು" ಎನ್ನುತ್ತಿದ್ದರು. ಈಗ ಕಾರ್ಖಾನೆಗೆ ಕೆಲಸ ಕಲಿಯಲು ಬರುವವರಿಗೂ ನಾನು ಅದನ್ನೇ ಹೇಳುತ್ತೇನೆ. ಕಣ್ಣಲ್ಲಿ ನೋಡಿ ಬರೆದುಕೊಂಡರೆ ಸಾಲದು, ಕೇಳಬೇಕು ಎನ್ನುವುದು ನನಗೆ ಅವರಿಂದ ಬಂದದ್ದು.

ಮಾವಶಿ ತೀರಿಕೊಂಡು ಹದಿನೈದು ದಿನ ಕಳೆದ ಮೇಲೆ ತಂಗಿ ನನ್ನನ್ನು ಕರೆದುಕೊಂಡು ತಹಶೀಲ್ದಾರ್ ಕಚೇರಿಗೆ ಹೋದಳು, ವೇತನ ನಿಲ್ಲಿಸಿರಿ ಎಂದು ಹೇಳಲು. ಮರಣ ಪ್ರಮಾಣಪತ್ರ ನೋಡಿದ ಗುಮಾಸ್ತರು ಆಶ್ಚರ್ಯದಿಂದ ಕನ್ನಡಕ ತೆಗೆದರು. ತಾವಾಗಿಯೇ ಹೇಳಲು ಬರುವವರು ಕಡಿಮೆ ಎಂದರು. ಆಮೇಲೆ ಬರೆದುಕೊಳ್ಳುತ್ತ ಕೇಳಿದರು:

"ನೀವು ಅವರಿಗೆ ಏನಾಗ್ಬೇಕ್ರಿ?"

"ತಂಗಿ ರೀ."

"ಏನ್ ಉದ್ಯೋಗಾ ಮಾಡ್ತೀರಿ?"

ತಂಗಿ ನನ್ನ ಕಡೆ ನೋಡಲಿಲ್ಲ. ಎರಡೂ ಅಂಗೈಗಳನ್ನು ಮೇಜಿನ ಅಂಚಿಗೆ ಊರಿ, ಆ ಕೋಣೆಯಲ್ಲಿದ್ದವರಿಗೆಲ್ಲ ಕೇಳುವಷ್ಟು ದನಿಯಲ್ಲಿ ಹೇಳಿದಳು:

"ಲಕಮನಹಳ್ಳ್ಯಾಗ ಖಾನಾವಳಿ ಐತ್ರಿ. ನಂದು."